ಕಂಚಿನಲ್ಲಿ ಜನಸಾಮಾನ್ಯರು: ಶಿಲ್ಪಿ ದೇವೀಪ್ರಸಾದ ರಾಯಚೌಧುರಿ

ನಮ್ಮ ದೇಶದಲ್ಲಿ ಕಂಚಿನ ಎರಕವು ಬಹು ಪ್ರಾಚೀನವಾದ ವಿದ್ಯೆ. ಆದರೆ ಊರ ಚೌಕದಲ್ಲಿ ಎತ್ತರವಾದ ಪೀಠವನ್ನು ಕಟ್ಟಿ, ಅದರ ಮೇಲೆ ಅಧಿಕಾರಿಯೊಬ್ಬನ ಕಂಚಿನ ಪ್ರತಿಮೆಯನ್ನು ನಿಲ್ಲಿಸುವ ವಾಡಿಕೆಯು ಆಂಗ್ಲರ ಆಳಿಕೆಯೊಡನೆ ಬೆಳೆಯಿತು. ಬಳ್ಳಾರಿ ಸೀಮೆಯ ರಯತವಾರಿ ಬಂದೋಬಸ್ತಿನ ಮೂಲಕ ಕನ್ನಡಿಗರಿಗೆ ಪರಿಚಿತನಾದ ಸರ್ ಥಾಮಸ್ ಮನ್ರೋನ ಅಶ್ವಾರೂಢ ಪ್ರತಿಮೆಯು 1839ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾಯಿತು. ಅದೇ ನಗರದಲ್ಲಿ, ನೂರಿಪ್ಪತ್ತು ವರ್ಷಗಳ ತರುವಾಯ, ಕುದುರೆಯೂ ಪದವಿಯೂ ಇಲ್ಲದ ಕೂಲಿಕಾರರು ಅಂತಹ ಪೀಠವನ್ನೇರಿದರು. ಅವರನ್ನು ಅಲ್ಲಿಗೇರಿಸಿದ ಕೈ ದೇವೀಪ್ರಸಾದ ರಾಯಚೌಧುರಿಯವರದು.

ಇವರು 1899ರಲ್ಲಿ ಪೂರ್ವಬಂಗಾಳದ ರಂಗಪುರ ಜಿಲ್ಲೆಯ ತಾಜಹಾಟದಲ್ಲಿ ಜನಿಸಿದರು. ಮನೆತನವು ಜಮೀನ್ದಾರರದು. ಚಿತ್ರಕಲೆಯನ್ನು ಅವನೀಂದ್ರನಾಥ ಠಾಕೂರರಲ್ಲಿಯೂ, ಶಿಲ್ಪವನ್ನು ಹಿರಣ್ಮಯ ರಾಯಚೌಧುರಿಯವರಲ್ಲಿಯೂ ಅಭ್ಯಸಿಸಿದರು. 1929ರಲ್ಲಿ ಮದರಾಸಿನ ಸರಕಾರೀ ಕಲಾಶಾಲೆಯ ಮುಖ್ಯಸ್ಥರಾದರು. ಆ ಸ್ಥಾನವನ್ನು ಪಡೆದ ಭಾರತೀಯರಲ್ಲಿ ಇವರೇ ಮೊದಲಿಗರು. 1957ರವರೆಗೂ ಅಲ್ಲಿಯೇ ಇದ್ದು ಶಿಷ್ಯರನ್ನು ತಯಾರು ಮಾಡಿದರು.

ಇವರ ಕಾರ್ಯವಿಧಾನವನ್ನು ಅರಿತರೆ ಮೂರ್ತಿಗಳ ಸ್ವಭಾವವು ತಿಳಿಯುವುದು. ಮೊದಲು ಜೇಡಿಮಣ್ಣಿನಲ್ಲಿ ರೂಪವನ್ನು ಕಟ್ಟಬೇಕು. ಅದರಿಂದ ಅಚ್ಚನ್ನು ತೆಗೆಯಬೇಕು. ಕಡೆಗೆ ಕರಗಿದ ಲೋಹವು ಅಚ್ಚಿನೊಳಗೆ ಹರಿದು ಆರಬೇಕು. ಮಣ್ಣಿನ ಮೇಲೆ ಬೆರಳು ಒತ್ತಿದ ಒರಟುತನವನ್ನು ಇವರು ನಯಗೊಳಿಸಿ ಅಳಿಸಲಿಲ್ಲ. ಫ್ರಾನ್ಸಿನ ರೋದ್ಯಾನನ ಪ್ರಭಾವವನ್ನು ವಿಮರ್ಶಕರು ಇದರಲ್ಲಿ ಕಂಡಿರುವರು. ಬಿಗಿದ ನರ, ಉಬ್ಬಿದ ಸ್ನಾಯು, ಬಾಗಿದ ಬೆನ್ನು ಇವೆಲ್ಲವೂ ಆ ಒರಟುತನದಿಂದಲೇ ಜೀವ ತಳೆದಿವೆ.

1942ರ ಆಗಸ್ಟ್ 11ರಂದು ಪಾಟ್ನಾದ ಸಚಿವಾಲಯದ ಮೇಲೆ ರಾಷ್ಟ್ರಧ್ವಜವನ್ನೇರಿಸಲು ಹೊರಟ ಏಳು ಮಂದಿ ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು. ಅವರ ಸ್ಮಾರಕಕ್ಕೆ 1947ರ ಆಗಸ್ಟ್ 15ರಂದು ಅಸ್ತಿಭಾರವನ್ನಿಟ್ಟರು; ರಾಯಚೌಧುರಿಯವರು ರಚಿಸಿದ ಸಮೂಹಶಿಲ್ಪವು 1956ರಲ್ಲಿ ರಾಷ್ಟ್ರಪತಿ ರಾಜೇಂದ್ರಪ್ರಸಾದರಿಂದ ಅನಾವರಣಗೊಂಡಿತು. ಅಲ್ಲಿ ಕೆಲವರು ಬೀಳುತ್ತಿರುವರು, ಆದರೂ ಧ್ವಜವು ಮುಂದಕ್ಕೆ ಸಾಗುತ್ತಿರುವುದು. ಮಡಿದ ಮಕ್ಕಳನ್ನು ಕುರಿತ ಶೋಕವು ಇಲ್ಲಿ ಧೈರ್ಯದೊಡನೆ ಬೆರೆತುಹೋಗಿದೆ.

1959ರಲ್ಲಿ ಮದರಾಸಿನ ಮೆರೀನಾ ತೀರದಲ್ಲಿ ‘ಶ್ರಮದ ವಿಜಯ’ವು ಸ್ಥಾಪಿತವಾಯಿತು. ನಾಲ್ವರು ದುಡಿಮೆಗಾರರು ದೊಡ್ಡ ಬಂಡೆಯೊಂದನ್ನು ಮೀಟುತ್ತಿರುವರು. 1923ರ ಮೇ 1ರಂದು ಸಿಂಗಾರವೇಲರು ಕಾರ್ಮಿಕರ ದಿನವನ್ನು ಆಚರಿಸಿದ್ದು ಆ ನಗರದ ಕಡಲತೀರದಲ್ಲಿಯೇ. ವಿಜಯವೆಂಬ ಹೆಸರಿದ್ದರೂ ಬಂಡೆಯು ಇನ್ನೂ ಉರುಳಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಫಲವು ಕೈಗೆ ಬರುವ ಮೊದಲೇ, ಎಲ್ಲರೂ ಒಂದಾಗಿ ಹೆಗಲು ಕೊಟ್ಟ ಆ ಗಳಿಗೆಯನ್ನೇ ಶಿಲ್ಪಿಯು ವಿಜಯವೆಂದು ಕರೆದಿರುವನು. ಅದೇ ವರ್ಷ ಅದೇ ತೀರದಲ್ಲಿ ಇವರು ನಿರ್ಮಿಸಿದ ಗಾಂಧೀಜಿಯವರ ಪ್ರತಿಮೆಯೂ ಸ್ಥಾಪಿತವಾಯಿತು. ಅದೂ ಸಿಂಹಾಸನಸ್ಥ ಮೂರ್ತಿಯಲ್ಲ, ಕೋಲನ್ನೂರಿ ನಡೆಯುವ ಮೂರ್ತಿ.

ಇವರಿಗೆ ಮನ್ನಣೆಗಳು ತಾವಾಗಿ ಬಂದವು. 1954ರಲ್ಲಿ ಸ್ಥಾಪಿತವಾದ ಲಲಿತಕಲಾ ಅಕಾಡೆಮಿಗೆ ಪ್ರಥಮಾಧ್ಯಕ್ಷರಾದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿಯು ದೊರೆಯಿತು. ದಂಡಿಯಾತ್ರೆಯನ್ನು ನೆನಪಿಗೆ ತರುವ ದಿಲ್ಲಿಯ ‘ಹನ್ನೊಂದು ಮೂರ್ತಿ’ಗಳು ಇವರ ಕೊನೆಯ ಮಹಾಕಾರ್ಯ. ಮುಂದೆ ಗಾಂಧೀಜಿ, ಅವರ ಹಿಂದೆ ಹತ್ತು ಮಂದಿ ಸಾಮಾನ್ಯ ಜನರು. ಅದು ಪೂರ್ಣವಾಗುವ ಮುನ್ನವೇ, 1975ರಲ್ಲಿ, ಇವರು ದಿವಂಗತರಾದರು. ಉಳಿದ ಕೆಲಸವನ್ನು ಬೇರೆ ಕೈಗಳು ಪೂರೈಸಿದವು. ಒಂದು ಕಾಲಕ್ಕೆ 500 ರೂಪಾಯಿ ನೋಟಿನ ಹಿಂಬದಿಯಲ್ಲಿ ಮುದ್ರಿತವಾಗಿ ಆ ಸಮೂಹವು ಮನೆಮನೆಯನ್ನೂ ಸೇರಿತು.

ರಾಯಚೌಧುರಿಯವರು ಗಣ್ಯರ ಪ್ರತಿಮೆಗಳನ್ನೂ ಮಾಡಿದವರೇ. ಕಲ್ಕತ್ತೆಯ ಆಶುತೋಷ ಮುಖರ್ಜಿಯವರ ಪ್ರತಿಮೆಯು ಇದಕ್ಕೆ ನಿದರ್ಶನ. ಆದರೂ ಬಂಡೆ ಮೀಟುವವನೂ, ಧ್ವಜ ಹಿಡಿದ ಬಾಲಕನೂ, ನಾಯಕನ ಹಿಂದೆ ನಡೆದವನೂ ಗೌರವಕ್ಕೆ ಅರ್ಹರೆಂದು ಲೋಹದಲ್ಲಿ ಬರೆದಿಟ್ಟದ್ದು ಇವರ ಹಿರಿಮೆ. ನಾಡು ಯಾರನ್ನು ಪೀಠದ ಮೇಲೆ ನಿಲ್ಲಿಸುವುದೋ ಅವರನ್ನು ನೋಡುತ್ತ ಮುಂದಿನ ಪೀಳಿಗೆಯು ಬೆಳೆಯುವುದು. ಆದುದರಿಂದ ಇಂತಹ ಶಿಲ್ಪಿಯ ಚರಿತ್ರೆಯು ಕಲಾವಿದರಿಗಷ್ಟೇ ಅಲ್ಲದೆ ಸರ್ವರಿಗೂ ಮನನಯೋಗ್ಯವಾಗಿರುವುದು.