ಬಿಡಲೊಲ್ಲದ ಬ್ರೇಕು

ಪುಣೆಯನ್ನು ಒಂದು ಕಾಲಕ್ಕೆ ಸೈಕಲ್ಲುಗಳ ಊರು ಎಂದೇ ಕರೆಯುತ್ತಿದ್ದರು. ವಿದ್ಯಾರ್ಥಿ, ಗುಮಾಸ್ತ, ಕಾರ್ಖಾನೆಯ ಕೆಲಸಗಾರ ಎಲ್ಲರೂ ಏರುತ್ತಿದ್ದುದು ಅದೇ ಕಪ್ಪು ಸೈಕಲ್. ಹಿಡಿ ಒತ್ತಿದರೆ ಕಬ್ಬಿಣದ ಸರಳುಗಳು ಬ್ರೇಕ್ ರಬ್ಬರನ್ನು ರಿಮ್ಮಿಗೆ ಒತ್ತುತ್ತಿದ್ದವು. ಕೈ ಬಿಟ್ಟರೆ ಸ್ಪ್ರಿಂಗು ಅದನ್ನು ಹಿಂದಕ್ಕೆ ತರುತ್ತಿತ್ತು. ಬ್ರೇಕು ಬಿಡದೆ ಉಜ್ಜುತ್ತಿದ್ದರೆ ಕಾರಣ ಕಣ್ಣಿಗೇ ಕಾಣುತ್ತಿತ್ತು: ಸೊಟ್ಟಗಾದ ರಿಮ್ಮು, ತುಕ್ಕು ಹಿಡಿದ ಸರಳು, ಸೋತ ಸ್ಪ್ರಿಂಗು.

ಇಂದು ಸಿಂಹಗಡದ ಘಾಟಿ ಇಳಿಯುವ ಮೌಂಟನ್ ಬೈಕಿನಲ್ಲಿ ಕಾರಣ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಅಲ್ಲಿ ಬಲವನ್ನು ಸಾಗಿಸುವುದು ಸರಳಲ್ಲ, ಕೊಳವೆಯೊಳಗಿನ ಎಣ್ಣೆ. ಈ ಬ್ರೇಕು ಸೈಕಲ್ಲಿಗೆ ಬಂದದ್ದು ಬಹಳ ಸುತ್ತು ಬಳಸಿ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದು 1902ರಲ್ಲಿ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ರೂಪಿಸಿದ ಎಣ್ಣೆಯ ಬ್ರೇಕು 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಬಂತು. 1953ರ ಲ ಮಾನ್ ರೇಸನ್ನು ಜಾಗ್ವಾರ್ ಡಿಸ್ಕ್ ಬ್ರೇಕಿನ ಬಲದಿಂದ ಗೆದ್ದಿತು. 1969ರ ಹೋಂಡಾ ಸಿಬಿ750 ಮೋಟರ್‌ಸೈಕಲ್ಲಿನಲ್ಲೂ ಅದಿತ್ತು. ಪುಣೆಯಲ್ಲೇ ನೆಲೆಯಿರುವ ಬಜಾಜ್ ಆಟೊ 2001ರಲ್ಲಿ ಪಲ್ಸರ್ ಬಿಟ್ಟಾಗ ಅದರ ಮುಂಚಕ್ರದಲ್ಲೂ ಡಿಸ್ಕ್ ಇತ್ತು. ಹಾಗಾಗಿ ಊರಿನ ಅನೇಕ ಮೆಕ್ಯಾನಿಕ್ಕುಗಳಿಗೆ ಈ ಬ್ರೇಕಿನ ಪರಿಚಯವಾದದ್ದು ಸೈಕಲ್ಲಿನಿಂದಲ್ಲ, ಬೈಕಿನಿಂದ. ಆ ಕ್ರಮಕ್ಕೂ ಒಂದು ಅಪಾಯಕ್ಕೂ ನಂಟಿದೆ.

ಡಿಸ್ಕ್ ಬ್ರೇಕಿನಲ್ಲಿ ಹಿಡಿಯುವುದಕ್ಕಿಂತ ಬಿಡುವುದು ಸೂಕ್ಷ್ಮ. ಪಿಸ್ಟನ್ ಸುತ್ತ ಚೌಕ ಅಂಚಿನ ರಬ್ಬರ್ ಉಂಗುರವಿದೆ. ಹಿಡಿ ಒತ್ತಿದಾಗ ಪಿಸ್ಟನ್ ಜೊತೆಗೆ ಈ ಉಂಗುರವೂ ತುಸು ತಿರುಚಿಕೊಳ್ಳುತ್ತದೆ. ಬಿಟ್ಟಾಗ ನೆಟ್ಟಗಾಗುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಪ್ಯಾಡುಗಳ ನಡುವೆ ತೆಳು ಸ್ಪ್ರಿಂಗಿದ್ದರೂ ಬಿಡುಗಡೆಯ ಮುಖ್ಯ ಭಾರ ಈ ಉಂಗುರದ ಮೇಲೆ.

ಚಕ್ರ ಎತ್ತಿ ತಿರುಗಿಸಿದರೆ ಸದ್ದೇ ಅರ್ಧ ಉತ್ತರ ಕೊಡುತ್ತದೆ. ಪ್ರತಿ ಸುತ್ತಿಗೊಮ್ಮೆ ‘ಸರ್’ ಎಂದರೆ ಡಿಸ್ಕ್ ಬಾಗಿದೆ. ಬಿಡದೆ ಉಜ್ಜಿದರೆ ಕ್ಯಾಲಿಪರ್ ಓರೆಯಾಗಿರಬಹುದು: ಅದರ ಎರಡು ಬೋಲ್ಟು ಸಡಿಲಿಸಿ, ಹಿಡಿ ಒತ್ತಿಹಿಡಿದು, ಮತ್ತೆ ಬಿಗಿಯಬೇಕು. ಒಂದೇ ಪಿಸ್ಟನ್ ಹಿಂದೆ ಸರಿಯದಿದ್ದರೆ ಧೂಳು, ಕೆಸರು ಒಣಗಿ ಕೂತಿದೆ; ಪ್ಯಾಡು ತೆಗೆದು ಒರೆಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಒಳಗೆ ತಳ್ಳಬೇಕು. ಚಕ್ರ ಬಿಚ್ಚಿಟ್ಟಾಗ ಯಾರೋ ಹಿಡಿ ಒತ್ತಿದ್ದರೂ ಪಿಸ್ಟನ್ ಮುಂದೆ ಬಂದು ಕೂತಿರುತ್ತದೆ.

ತಪ್ಪಿಸಿಕೊಳ್ಳುವ ಇನ್ನೊಂದು ಕಾರಣ ಶಾಖ. ಸಿಂಹಗಡ ಸಮುದ್ರಮಟ್ಟದಿಂದ ಸುಮಾರು 1300 ಮೀಟರ್ ಎತ್ತರದಲ್ಲಿದೆ, ಪುಣೆ ಸುಮಾರು 560. ಇಳಿಜಾರಿನಲ್ಲಿ ಬ್ರೇಕು ಕಾದಂತೆ ಎಣ್ಣೆ ಹಿಗ್ಗುತ್ತದೆ. ಹಿಗ್ಗಿದ್ದಕ್ಕೆ ಜಾಗ ಕೊಡಲು ಹಿಡಿಯ ಬಳಿ ಪುಟ್ಟ ತೊಟ್ಟಿಯಿದೆ. ಎಣ್ಣೆ ಅತಿಯಾಗಿ ತುಂಬಿದ್ದರೆ, ತೊಟ್ಟಿಯ ದಾರಿ ಮುಚ್ಚಿದ್ದರೆ, ಹಿಗ್ಗಿದ ಎಣ್ಣೆ ಪ್ಯಾಡನ್ನೇ ಡಿಸ್ಕಿಗೆ ದೂಡುತ್ತದೆ. ಉಜ್ಜಿದಷ್ಟೂ ಶಾಖ, ಶಾಖವಾದಷ್ಟೂ ಉಜ್ಜು. ಮನೆಯ ಮುಂದೆ ಸರಿಯಿದ್ದ ಬ್ರೇಕು ಘಾಟಿಯ ನಡುವೆ ಕಚ್ಚುವುದು ಹೀಗೆ. ವಿಪರೀತ ಕಾದರೆ ಬೇಕಾದಾಗ ಹಿಡಿಯದೆಯೂ ಹೋಗಬಹುದು.

ಇನ್ನು ಆ ಅಪಾಯ. ಮೋಟರ್‌ಸೈಕಲ್ಲಿನ ಬ್ರೇಕಿಗೆ ಹಾಕುವುದು ಡಾಟ್ ದರ್ಜೆಯ ಎಣ್ಣೆ. ಶಿಮಾನೊ, ಮಗೂರಾ ಸೈಕಲ್ ಬ್ರೇಕುಗಳಿಗೆ ಬೇಕಾದದ್ದು ಖನಿಜ ಎಣ್ಣೆ; ಸ್ರ್ಯಾಮ್‌ನ ಹಲವು ಬ್ರೇಕುಗಳಿಗೆ ಡಾಟ್. ನೋಡಲು ಎರಡೂ ಎಣ್ಣೆಯೇ, ಆದರೆ ಅವುಗಳ ರಸಾಯನ ಬೇರೆ, ಅವಕ್ಕೆ ಹೊಂದುವ ರಬ್ಬರೂ ಬೇರೆ. ಒಂದರ ಜಾಗಕ್ಕೆ ಇನ್ನೊಂದು ಹೊಕ್ಕರೆ ಉಂಗುರ ಉಬ್ಬಿ ಕೆಡುತ್ತದೆ. ಉಬ್ಬಿದ ಉಂಗುರಕ್ಕೆ ಪಿಸ್ಟನ್ ಎಳೆದುಕೊಳ್ಳಲು ಬಾರದು. ಆಮೇಲೆ ಬೋಲ್ಟು ಎಷ್ಟು ಸಡಿಲಿಸಿದರೂ ಉಜ್ಜು ನಿಲ್ಲುವುದಿಲ್ಲ. ಉಂಗುರ, ಹಲವು ಸಲ ಇಡೀ ಬ್ರೇಕು, ಬದಲಾಗಬೇಕು.

ಹಳೆಯ ರಿಪೇರಿಯ ವಿದ್ಯೆ ಕಣ್ಣಿನದು, ಕಿವಿಯದು. ಅದು ಈಗಲೂ ಬೇಕು, ಡಿಸ್ಕ್ ಬಾಗಿದ್ದನ್ನು ಹೇಳುವುದು ಅದೇ ಕಿವಿ. ಅದರ ಜೊತೆಗೆ ಓದೂ ಸೇರಿದೆ: ಎಷ್ಟೋ ಬ್ರೇಕುಗಳಲ್ಲಿ ಯಾವ ಎಣ್ಣೆ ಎಂಬುದು ತೊಟ್ಟಿಯ ಮುಚ್ಚಳದ ಮೇಲೆಯೇ ಇರುತ್ತದೆ. ಬಾಟಲಿ ಎತ್ತುವ ಮೊದಲು ಆ ಒಂದು ಸಾಲನ್ನು ಓದಬೇಕು.