ಶತ್ರುವಿನ ಕಾಗದದಲ್ಲಿ ಪಳಶ್ಶಿರಾಜ

ಪಳಶ್ಶಿರಾಜನ ಸಾವಿನ ಬಗ್ಗೆ ವಯನಾಡಿನಲ್ಲಿ ಎರಡು ಮಾತುಗಳಿವೆ. ಬ್ರಿಟಿಷರ ಕೈಗೆ ಸಿಕ್ಕಬಾರದೆಂದು ಅವನು ವಜ್ರದುಂಗುರ ನುಂಗಿ ಪ್ರಾಣ ಬಿಟ್ಟನೆಂಬುದು ಜನರ ಬಾಯಲ್ಲಿರುವ ಮಾತು. ಕಂಪನಿಯವರೊಡನೆ ನಡೆದ ಕಾಳಗದಲ್ಲಿ, ಅವರ ಕೈಯಿಂದಲೇ ಅವನು ಬಿದ್ದನೆಂಬುದು ಕಂಪನಿಯ ಕಾಗದದ ಮಾತು. ದಿನದ ಬಗ್ಗೆ ತಕರಾರಿಲ್ಲ. 1805ನೇ ಇಸವಿ ನವೆಂಬರ್ 30. ಸ್ಥಳ ಪುಲ್ಪಳ್ಳಿಯ ಹತ್ತಿರದ ಮಾವಿಲಾಂತೋಡು, ಅಂದರೆ ಮೈಸೂರು ಸೀಮೆಯ ಅಂಚಿನ ಕಾಡು.

ಕಂಪನಿಯ ಕಾಗದವೆಂದು ನಾನು ಹೇಳಿದ್ದು ತಲಶ್ಶೇರಿಯ ಸಬ್ ಕಲೆಕ್ಟರ್ ಥಾಮಸ್ ಹಾರ್ವೆ ಬೇಬರ್ ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ಮೇಲಧಿಕಾರಿಗೆ ಬರೆದ ಪತ್ರವನ್ನು. ಲೋಗನ್ ಸಾಹೇಬರು 1887ರಲ್ಲಿ ಪ್ರಕಟಿಸಿದ ಮಲಬಾರ್ ಮ್ಯಾನ್ಯುಯಲ್‌ನಲ್ಲಿ ಅದು ಅಚ್ಚಾಗಿದೆ. ರಾಜನ ಕೊನೆಯ ಗಳಿಗೆಯ ಬಗ್ಗೆ ನಮಗಿರುವ ಮುಖ್ಯ ಆಧಾರ ಅದೇ, ಅದು ಅವನನ್ನು ಬೇಟೆಯಾಡಿದವನದೇ ಬರಹ. ಗಡಿನಾಡಿನವರಾದ ನಾವು ಆ ಪತ್ರವನ್ನು ಓದಬೇಕಾದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ರಾಜನ ವಿಷಯ. ಹುಟ್ಟಿದ್ದು 1753ರಲ್ಲಿ, ಕೋಟ್ಟಯಂ ರಾಜಮನೆತನದ ಪಡುವಣ ಕೋವಿಲಗದಲ್ಲಿ. ಈ ಕೋಟ್ಟಯಂ ತೆಂಕಣ ತಿರುವಿದಾಂಕೂರಿನ ಪಟ್ಟಣವಲ್ಲ, ತಲಶ್ಶೇರಿಯ ಬಳಿಯದು. ಹೈದರನ ಕಾಲದಿಂದ ಟಿಪ್ಪುವಿನ ಕಾಲದವರೆಗೂ ಅವನು ಮೈಸೂರಿನ ದಂಡಿನೊಡನೆ ಹೋರಾಡಿದ. ಮಲಬಾರಿನ ಇತರ ಅರಸರಲ್ಲಿ ಅನೇಕರು ತಿರುವಿದಾಂಕೂರಿಗೆ ಓಡಿಹೋದಾಗ ಇವನು ಜನರ ನಡುವೆ ಕಾಡಿನಲ್ಲೇ ಉಳಿದ. ಜನ ಅವನನ್ನು ತಮ್ಮವನೆಂದುಕೊಂಡದ್ದು ಆಗ. ಟಿಪ್ಪುವಿನ ವಿರುದ್ಧ ಕಂಪನಿಗೆ ನೆರವಾದವರಲ್ಲೂ ಅವನಿದ್ದ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಮಲಬಾರು ಕಂಪನಿಗೆ ಬಂತು. ಬಂದೊಡನೆ ಅವರು ಮಾಡಿದ ಕೆಲಸವೆಂದರೆ ಕೋಟ್ಟಯಂ ನಾಡಿನ ಕಂದಾಯ ವಸೂಲಿಯನ್ನು ಇವನಿಗೆ ಕೊಡದೆ, ಇವನ ಮಾವ, ಕುರುಂಬ್ರನಾಡಿನ ವೀರವರ್ಮನಿಗೆ ಗುತ್ತಿಗೆ ಕೊಟ್ಟದ್ದು. ಇವನು ವಸೂಲಿ ನಿಲ್ಲಿಸಿಬಿಟ್ಟ. 1796ರ ಏಪ್ರಿಲ್‌ನಲ್ಲಿ ಕಂಪನಿಯ ಸಿಪಾಯಿಗಳು ಪಳಶ್ಶಿಯ ಅರಮನೆಗೆ ನುಗ್ಗಿ ದೋಚಿದರು. ಮರುವರ್ಷ ಮಾರ್ಚ್‌ನಲ್ಲಿ ಪೆರಿಯ ಘಾಟಿಯಲ್ಲಿ ಮೇಜರ್ ಕ್ಯಾಮರನ್ನನ ದಂಡು ಇವನ ಜನರ ಬಲೆಗೆ ಬಿತ್ತು. ಕ್ಯಾಮರನ್ ಮತ್ತು ಅವನ ಜೊತೆಯ ಅಧಿಕಾರಿಗಳು ಸತ್ತರು. ಬೊಂಬಾಯಿಯ ಗವರ್ನರ್ ಜೊನಾಥನ್ ಡಂಕನ್ ತಾನೇ ಬಂದು ಸಂಧಿ ಮಾಡಬೇಕಾಯಿತು. ರಾಜನಿಗೆ ವರ್ಷಕ್ಕೆ 8000 ರೂಪಾಯಿ ಎಂದು ಗೊತ್ತಾಯಿತು.

ಇಲ್ಲಿಯವರೆಗಿನದು ಕೋಟ್ಟಯಂ ನಾಡಿನ ಜಗಳ. ವಯನಾಡಿನ ಕತೆ ಬೇರೆ, ಮತ್ತು ಅದನ್ನು ಬೇರೆಯಾಗಿಯೇ ನೋಡದಿದ್ದರೆ ಅವನನ್ನು ‘ಬಂಡುಕೋರ’ ಎಂದು ಕರೆದದ್ದರಲ್ಲಿನ ತಮಾಷೆ ನಮಗೆ ತಿಳಿಯುವುದಿಲ್ಲ. 1792ರಲ್ಲಿ ವಯನಾಡು ತಮಗೆ ಬಂತೆಂದು ಕಂಪನಿಯವರು ಹೇಳಿದರು. ಬಂದಿಲ್ಲವೆಂದು ಟಿಪ್ಪು ಹೇಳಿದ. 1798ರಲ್ಲಿ ಗವರ್ನರ್ ಜನರಲ್ ಮಾರ್ನಿಂಗ್ಟನ್ ಟಿಪ್ಪುವಿನ ಮಾತೇ ಸರಿಯೆಂದು ಒಪ್ಪಿಕೊಂಡ. ಮರುವರ್ಷ ಟಿಪ್ಪು ಮಡಿದ. ವಯನಾಡು ಗೆದ್ದವರ ಲೆಕ್ಕಕ್ಕೆ ಸೇರಿತು. ಅಷ್ಟಕ್ಕೂ ಮುಗಿಯಲಿಲ್ಲ. 1803ರಲ್ಲಿ ಮೈಸೂರಿನ ಒಡೆಯರಿಗೂ ಕಂಪನಿಗೂ ಪೂರಕ ಒಪ್ಪಂದವಾಗಿ ವಯನಾಡು, ಪುಂಗನೂರು ಮುಂತಾದವು ಒಂದು ಕಡೆ, ಹೊಳಲ್ಕೆರೆ, ಮಾಯಕೊಂಡ, ಹರಿಹರಗಳು ಇನ್ನೊಂದು ಕಡೆ ಎಂದು ವಿನಿಮಯ ನಡೆಯಿತು. ತುಂಗಭದ್ರೆಯ ದಡದ ಹರಿಹರವನ್ನೂ ಕಬಿನಿಯ ಹುಟ್ಟುನೆಲವನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಿದ ಹಾಗೆ! ಆ ತೂಕ ನಡೆಯುವಾಗ ಪುಲ್ಪಳ್ಳಿಯವರನ್ನಾಗಲೀ ಹರಿಹರದವರನ್ನಾಗಲೀ ಯಾರೂ ಕೇಳಲಿಲ್ಲ. ಗಡಿಯೆಂಬುದು ಎಲ್ಲೋ ಕುಳಿತವರ ಕಾಗದದಲ್ಲಿ ಸರಿದಾಡುವುದನ್ನು 1956ರಲ್ಲಿ ಕಂಡ ಕಾಸರಗೋಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವಯನಾಡು ತನ್ನದೆಂದು ಮೊದಲಿಂದಲೂ ಹೇಳುತ್ತಿದ್ದವನು ಪಳಶ್ಶಿರಾಜ. ನಾಡಿನ ಒಡೆತನ ಕಾಗದದ ಮೇಲೆ ಮೂರು ಕೈ ಬದಲಾಯಿತು, ಅವನ ಮಾತು ಬದಲಾಗಲಿಲ್ಲ. ಆದರೂ ಬಂಡುಕೋರನೆನಿಸಿಕೊಂಡವನು ಅವನೇ.

ಅವನ ದಂಡಿನ ಬಲ ಅವನ ಕುಲದವರಲ್ಲಿ ಇರಲಿಲ್ಲ. ಕುರಿಚ್ಯರ ಬಿಲ್ಲಿನಲ್ಲಿತ್ತು. 1802ರಲ್ಲಿ ಕಂಪನಿಯ ಪಟ್ಟಿ ಕಟ್ಟಿದ ಪ್ಯೂನ್ ಒಬ್ಬ ಕುರಿಚ್ಯನ ಮನೆಗೆ ಬಂದು ಭತ್ತ ಕೊಡೆಂದು ಪೀಡಿಸಿದ. ಅಲ್ಲಿದ್ದ ಎಡಚ್ಚೇನ ಕುಂಕನ್ ಎಂಬ ನಾಯರ್ ಆ ಪ್ಯೂನನನ್ನು ಕೊಂದ. ಕುರಿಚ್ಯರು ಕುಂಕನ ಬೆನ್ನಿಗೆ ನಿಂತರು. ಅಕ್ಟೋಬರ್ 11ರಂದು ಸುಮಾರು 150 ಕುರಿಚ್ಯರು ಕುಂಕನ ಮತ್ತು ತಲಕ್ಕಲ್ ಚಂದುವಿನ ಮುಂದಾಳತ್ವದಲ್ಲಿ ಪನಮರದ ಠಾಣೆಯ ಮೇಲೆ ಬಿದ್ದರು. ಕ್ಯಾಪ್ಟನ್ ಡಿಕಿನ್ಸನ್, ಲೆಫ್ಟಿನೆಂಟ್ ಮ್ಯಾಕ್ಸ್‌ವೆಲ್, ಅವರ ಕೈಕೆಳಗಿನ 70 ಜನ ಸಿಪಾಯಿಗಳು, ಇಡೀ ಠಾಣೆಯೇ ನಾಶವಾಯಿತು. 112 ಬಂದೂಕು, ಆರು ಪೆಟ್ಟಿಗೆ ಮದ್ದುಗುಂಡು, 6000 ರೂಪಾಯಿ ಕೈಸೇರಿತೆಂದು ಲೋಗನ್ ಲೆಕ್ಕ ಕೊಡುತ್ತಾರೆ. ಒಂದು ಮನೆಯ ಅಂಗಳದ ಭತ್ತದಿಂದ ಹತ್ತಿದ ಕಿಡಿ! ಆಮೇಲೆ ಕುಂಕನ್ ಪುಲ್ಪಳ್ಳಿಯ ದೇವಸ್ಥಾನದಿಂದ ಹೊರಡಿಸಿದ ಕರೆಗೆ 3000 ಜನ ಎದ್ದರಂತೆ. ಪುಲ್ಪಳ್ಳಿಯ ಆ ಗುಡಿ ಸೀತೆಯದು. ನಾಯರು, ಕುರಿಚ್ಯರು, ಕುರುಮರು, ಎಲ್ಲರಿಗೂ ಬೇಕಾದ ತಾಣ. ಕರೆ ಅಲ್ಲಿಂದಲೇ ಹೊರಟದ್ದು ಆಕಸ್ಮಿಕವಲ್ಲವೆಂದು ನನ್ನ ಎಣಿಕೆ.

ಕಂಪನಿಗೆ ಬುದ್ಧಿ ಬಂದದ್ದು ನಿಧಾನವಾಗಿ. ಬಯಲಿನಲ್ಲಿ ಸಾಲುಗಟ್ಟಿ ಕಾದುವ ಸಿಪಾಯಿಗಳಿಂದ ಕಾಡಿನ ಯುದ್ಧ ಆಗದೆಂದು ತಿಳಿದು, ಕ್ಯಾಪ್ಟನ್ ವಾಟ್ಸನ್ ಊರಿನವರನ್ನೇ ಸೇರಿಸಿ ಕಟ್ಟಿದ ‘ಕೋಲ್ಕಾರ’ರ ಪಡೆಯನ್ನು ಮುಂದೆ ಬಿಟ್ಟರು. 1804ರಲ್ಲಿ ರಾಜನ ತಲೆಗೆ 3000 ವರಹವೆಂದು ಸಾರಿದರು. ಬೇಬರ್ ತಲಶ್ಶೇರಿಗೆ ಬಂದದ್ದೂ ಅದೇ ವರ್ಷ. ಮರುವರ್ಷ ಅವನು ವಯನಾಡಿಗೆ ಹತ್ತಿದ.

ಇನ್ನು ಆ ಪತ್ರದ ವಿಷಯ. ಬೇಬರನಿಗೆ ವಯನಾಡಿನಲ್ಲಿ ಕಂಡ ದೊಡ್ಡ ತೊಡಕು ಕಾಡಲ್ಲ, ಜ್ವರವಲ್ಲ. ಜನ ಬಾಯಿ ಬಿಡದಿದ್ದದ್ದು. ರಾಜ ಎಲ್ಲಿದ್ದಾನೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಅವನ ಮೇಲೆ ಜನರಿಗಿದ್ದ ಭಕ್ತಿ ಸತ್ತರೂ ಅಳಿಯುವಂಥದಲ್ಲ ಎಂಬ ಅರ್ಥದ ಮಾತನ್ನು ಅವನೇ ಬರೆಯುತ್ತಾನೆ. ಅದೇ ಪತ್ರದಲ್ಲಿ ಪುಲ್ಪಳ್ಳಿ ಕಡೆಯ ಚೆಟ್ಟಿಗಳನ್ನೂ ಗೌಂಡರನ್ನೂ ಹೆಸರು ಹಿಡಿದು ಬೈಯುತ್ತಾನೆ: ನೀಚರು, ಗುಲಾಮ ಬುದ್ಧಿಯವರು, ಮಾನದ ಅರಿವಿಲ್ಲದವರು ಎಂಬ ಧಾಟಿಯಲ್ಲಿ. ನಾನು ಮೊದಲು ಹೇಳಿದ ಇನ್ನೊಂದು ಕಾರಣ ಇದು. ಗಡಿಯಂಚಿನ ಈ ಒಕ್ಕಲು ಜನರ ಆಚೀಚೆಯೇ ನಮ್ಮ ಕನ್ನಡ ಮನೆಗಳೂ ಬಾಳಿದ್ದು. ಆ ಬೈಗುಳವನ್ನು ಮಾತ್ರ ಎತ್ತಿಕೊಂಡು, ಗಡಿಯಂಚಿನ ಜನ ರಾಜನನ್ನು ಹಿಡಿದುಕೊಟ್ಟವರೆಂದು ಹೇಳುವುದುಂಟು. ಪತ್ರವನ್ನು ನಿಧಾನವಾಗಿ ಓದಿದರೆ ಅದರ ಅರ್ಥವೇ ತಿರುಗುತ್ತದೆ. ಬೇಬರ್ ಅವರನ್ನು ಬೈಯುವುದು ರಾಜನಿಗೆ ದ್ರೋಹ ಮಾಡಿದ್ದಕ್ಕಲ್ಲ. ತನಗೆ ಸುಳಿವು ಕೊಡದೆ ಸತಾಯಿಸಿದ್ದಕ್ಕೆ. ಆಳುವವನಿಗೆ ಮೌನ ಸುಳ್ಳಾಗಿ ಕಾಣುತ್ತದೆ, ಸುಳ್ಳು ನೀಚತನವಾಗಿ ಕಾಣುತ್ತದೆ. ಎತ್ತು, ಗದ್ದೆ, ಮಕ್ಕಳನ್ನು ಬಿಟ್ಟು ಕಾಡು ಸೇರಲಾಗದ ಒಕ್ಕಲಿಗ ಮತ್ತೇನು ಮಾಡಿಯಾನು? ಗೊತ್ತಿಲ್ಲ ಸ್ವಾಮಿ ಎನ್ನುವುದೊಂದೇ ಅವನ ಕೈಯಲ್ಲಿದ್ದ ಆಯುಧ. ಕೊನೆಗೆ ಸುಳಿವು ಹೊರಬಿತ್ತು, ನಿಜ. ಬೆದರಿಕೆ, ಬಹುಮಾನ, ತಿಂಗಳುಗಟ್ಟಲೆ ಪಟ್ಟುಹಿಡಿದ ಹುಡುಕಾಟ, ಇಷ್ಟೆಲ್ಲ ಆದ ಮೇಲೆ ಹೊರಬಿತ್ತು. ಅದನ್ನು ಒಂದು ಜಾತಿಯ, ಒಂದು ಭಾಷೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ರಾಜನನ್ನು ಮುತ್ತಿದ ಕೋಲ್ಕಾರರು ಮಲಬಾರಿನವರೇ. ಅವನಿಗೆ ಅಡ್ಡ ನಿಂತವನು ಬೇಬರನ ಕಚೇರಿಯ ಕಣಾರ ಮೆನೋನ್ ಎಂಬ ನೌಕರ.

ಆ ಕೊನೆಯ ಬೆಳಿಗ್ಗೆ ರಾಜನ ಜೊತೆ ಇದ್ದದ್ದು ಬೆರಳೆಣಿಕೆಯ ಜನ. ತೋಡಿನ ದಡದಲ್ಲಿ ಅವರನ್ನು ಕಂಡೊಡನೆ ಕೋಲ್ಕಾರರು ನುಗ್ಗಿದರು. ಮೊದಲು ಬಿದ್ದ ಕೆಲವರಲ್ಲಿ ರಾಜನೂ ಒಬ್ಬ. ಮೆನೋನ್ ತಡೆಯಲು ಬಂದಾಗ ರಾಜ ಅವನ ಎದೆಗೆ ಬಂದೂಕು ಹಿಡಿದು, ಹತ್ತಿರ ಬಂದು ತನ್ನನ್ನು ಮೈಲಿಗೆ ಮಾಡಬೇಡವೆಂದು ಗದರಿಸಿದನಂತೆ. ಸಾಯುವ ಹೊತ್ತಿನಲ್ಲೂ ಮೈಲಿಗೆಯ ಯೋಚನೆಯೇ ಎಂದು ಇಂದಿನ ಓದುಗರಿಗೆ ಅನಿಸಬಹುದು. ಅನಿಸಬೇಕಾದದ್ದೇ. ಅವನು ಕುರಿಚ್ಯರ, ಕುರುಮರ ನಾಯಕ, ಜೊತೆಗೆ ತನ್ನ ಕಾಲದ ಕ್ಷತ್ರಿಯ ಕೂಡ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳದೆ ಅವನ ಚರಿತ್ರೆ ಬರೆಯಲಾಗದು. ಇಷ್ಟು ವಿವರ ಕೊಡುವ ಪತ್ರದಲ್ಲಿ ಉಂಗುರದ ಮಾತಿಲ್ಲ. ಉಂಗುರದ ಕತೆ ಹುಟ್ಟಿದ್ದು ಏಕೆಂಬುದು ಮಾತ್ರ ನನಗೆ ಅರ್ಥವಾಗುತ್ತದೆ. ತಮ್ಮ ರಾಜನನ್ನು ಕೊಂದ ಹಿರಿಮೆ ಕಂಪನಿಗೆ ಸಿಗುವುದು ಜನರಿಗೆ ಬೇಡವಾಗಿತ್ತು.

ಹೆಣವನ್ನು ಬೇಬರ್ ತನ್ನದೇ ಪಲ್ಲಕ್ಕಿಯಲ್ಲಿಡಿಸಿದ. ಸೆರೆಸಿಕ್ಕ ರಾಣಿಯನ್ನು ಕ್ಯಾಪ್ಟನ್ ಕ್ಲಾಫಮ್‌ನ ಪಲ್ಲಕ್ಕಿಯಲ್ಲಿ ಕೂರಿಸಿದರು. ಮರುದಿನ ಕಾವಲಿನೊಂದಿಗೆ ದೇಹ ಮಾನಂತವಾಡಿಗೆ ಹೋಯಿತು. ಬ್ರಾಹ್ಮಣರನ್ನು ಕರೆಸಿ ಕ್ರಮದಂತೆ ಸಂಸ್ಕಾರ ಮಾಡಿಸಬೇಕೆಂದು ಶಿರಸ್ತೇದಾರನಿಗೆ ಆಜ್ಞೆಯಾಯಿತು. ಸತ್ತ ಶತ್ರುವಿಗೆ ಬೇಬರ್ ತೋರಿದ ಈ ಮರ್ಯಾದೆಯನ್ನು ಅಲ್ಲಗಳೆಯಲಾಗದು. ಆದರೆ ಆ ಮರ್ಯಾದೆ ಎಲ್ಲರಿಗೂ ಸಿಗಲಿಲ್ಲ. ಅದೇ ನವೆಂಬರ್‌ನಲ್ಲಿ ಸೆರೆಸಿಕ್ಕ ಕುರಿಚ್ಯ ನಾಯಕ ತಲಕ್ಕಲ್ ಚಂದುವನ್ನು ಪನಮರದಲ್ಲಿ ಕೊಂದರು. ಪಲ್ಲಕ್ಕಿಯೂ ಇಲ್ಲ, ಶಿರಸ್ತೇದಾರನೂ ಇಲ್ಲ. ಎಡಚ್ಚೇನ ಕುಂಕನ್ ಕೈಗೆ ಸಿಗದೆ ತಾನೇ ಪ್ರಾಣ ಕಳೆದುಕೊಂಡ. ರಾಜನ ಸಮಾಧಿ ಮಾನಂತವಾಡಿಯಲ್ಲಿ ಸಂರಕ್ಷಿತ ಸ್ಮಾರಕವಾಗಿದೆ. ಚಂದುವಿಗೆ ಪನಮರದಲ್ಲಿ ಸ್ಮಾರಕವಾದದ್ದು ಬಹಳ ಕಾಲದ ಮೇಲೆ. 2009ರ ಮಲಯಾಳ ಸಿನಿಮಾ ಬಂದ ಮೇಲೆ ನಮ್ಮ ಮಕ್ಕಳಿಗೂ ಈ ಹೆಸರುಗಳೆಲ್ಲ ಗೊತ್ತು.

ಬೇಬರನ ನಂಟು ಕನ್ನಡ ನಾಡಿನೊಡನೆ ಅಲ್ಲಿಗೇ ಮುಗಿಯಲಿಲ್ಲ. ಕಿತ್ತೂರಿನ ಯುದ್ಧವಾದ ಮೇಲೆ, 1820ರ ದಶಕದಲ್ಲಿ ಧಾರವಾಡದ ಪ್ರಿನ್ಸಿಪಲ್ ಕಲೆಕ್ಟರನಾಗಿ ಬಂದವನೂ ಅವನೇ. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿದ್ದ ಕಾಲವದು.

ಅಷ್ಟರಲ್ಲಿ ವಯನಾಡು ಇನ್ನೊಮ್ಮೆ ಎದ್ದು ಕೂತಾಗಿತ್ತು. 1812ರಲ್ಲಿ, ರಾಜ ಸತ್ತ ಏಳನೆಯ ವರ್ಷಕ್ಕೆ, ಕುರಿಚ್ಯರೂ ಕುರುಮರೂ ಬಿಲ್ಲು ಹಿಡಿದು ಕಂಪನಿಯ ಠಾಣೆಗಳನ್ನು ಮುತ್ತಿದರು. ಮುಂದೆ ನಿಲ್ಲಲು ಆಗ ರಾಜನಿರಲಿಲ್ಲ. ಭತ್ತ ಬೆಳೆಯುವವರಿಂದ ಕಂದಾಯವನ್ನು ನಗದಿನಲ್ಲೇ ಕೇಳಿದ್ದು ಅವರ ಮುಖ್ಯ ದೂರು.