ಹೊಟ್ಟೆಯ ಹೆಸರು ಹೊತ್ತ ನೃತ್ಯ

ಬೆಲ್ಲಿ ಡ್ಯಾನ್ಸ್ ಎಂದೊಡನೆ ಚಿತ್ರರಸಿಕರ ಕಣ್ಣ ಮುಂದೆ ಬರುವುದು 1975ರ ‘ಶೋಲೆ’ಯಲ್ಲಿ ಡಕಾಯಿತರ ಬಿಡಾರದ ನಡುವೆ ಕುಣಿದ ಹೆಲೆನ್. ಅರೆಬರೆ ಉಡುಗೆ, ಸುತ್ತ ಕುಳಿತ ಗಂಡಸರು. ಈ ನೃತ್ಯವೆಂದರೆ ಇಷ್ಟೇ ಎಂದು ಭಾವಿಸಿದವರೇ ಹೆಚ್ಚು.

ಆದರೆ ಈಜಿಪ್ಟಿನಲ್ಲಿ ಇದು ಮನೆಯ ಕುಣಿತವೂ ಹೌದು. ಮದುವೆಯಂಥ ಸಂಭ್ರಮಗಳಲ್ಲಿ ಹೆಂಗಸರು ಒಟ್ಟುಗೂಡಿದಾಗ ಅಜ್ಜಿಯಿಂದ ಮೊಮ್ಮಗಳವರೆಗೆ ಕುಣಿಯುತ್ತಾರೆ. ಗುರುವಿಲ್ಲ, ಪಾಠವಿಲ್ಲ; ನೋಡಿ ಕಲಿಯುವುದಷ್ಟೆ. ಅರಬ್ಬಿಯಲ್ಲಿ ಇದು ‘ರಕ್ಸ್ ಬಲದಿ’, ಅಂದರೆ ನಾಡಿನ ಕುಣಿತ. ರಂಗದ ಮೇಲಿನ ರೂಪ ‘ರಕ್ಸ್ ಶರ್ಕಿ’, ಅಂದರೆ ಪೂರ್ವದ ನೃತ್ಯ. ಎರಡರಲ್ಲೂ ಹೊಟ್ಟೆಯ ಮಾತಿಲ್ಲ.

ಹೊಟ್ಟೆಯನ್ನು ಹೆಸರಿಗೆ ಅಂಟಿಸಿದವರು ಹೊರಗಿನವರು. 19ನೇ ಶತಮಾನದ ಫ್ರೆಂಚರು ಇದನ್ನು ‘ಉದರ ನೃತ್ಯ’ ಎಂದು ಕರೆದರು. ಅಮೆರಿಕದಲ್ಲಿ ಆ ಹೆಸರು ಮನೆಮಾತಾದದ್ದು 1893ರ ಷಿಕಾಗೊ ವಿಶ್ವಮೇಳದಿಂದ. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನವೂ ಅದೇ ಮೇಳದ ಅಂಗವಾಗಿತ್ತು. ಮೇಳದ ಮನರಂಜನೆಯ ಹೊಣೆ ಹೊತ್ತಿದ್ದ ಸೋಲ್ ಬ್ಲೂಮ್ ಈ ಹೆಸರಿನ ಸೆಳೆತವನ್ನು ಚೆನ್ನಾಗಿಯೇ ಬಳಸಿಕೊಂಡ. ‘ಕೈರೋ ಬೀದಿ’ಯ ನರ್ತಕಿಯರನ್ನು ನೋಡಲು ಜನ ಮುಗಿಬಿದ್ದರು, ಮಡಿವಂತರು ಮೂಗು ಮುರಿದರು.

ತವರಿನಲ್ಲೂ ವೃತ್ತಿ ನರ್ತಕಿಯರಿಗೆ ನೆಮ್ಮದಿ ಇರಲಿಲ್ಲ. 1834ರಲ್ಲಿ ಆಡಳಿತಗಾರ ಮೊಹಮ್ಮದ್ ಅಲಿ ಅವರನ್ನು ಕೈರೋದಿಂದ ದಕ್ಷಿಣದ ಊರುಗಳಿಗೆ ಅಟ್ಟಿದ. 1926ರಲ್ಲಿ ಬದಿಯಾ ಮಸಾಬ್ನಿ ಎಂಬಾಕೆ ಕೈರೋದಲ್ಲಿ ತೆರೆದ ರಂಗಶಾಲೆ ಈ ಕಲೆಗೆ ಹೊಸ ಮೆರುಗು ಕೊಟ್ಟಿತು. ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್ ಅವರಂಥ ತಾರೆಯರು ಬೆಳೆದದ್ದು ಅಲ್ಲಿಯೇ.

1970ರ ದಶಕದಲ್ಲಿ ಅಮೆರಿಕದ ಮಹಿಳೆಯರು ಇದನ್ನು ತಮಗಾಗಿ ಕಲಿಯತೊಡಗಿದಾಗ ಕಥೆ ಮತ್ತೊಂದು ತಿರುವು ಪಡೆಯಿತು. ಇಲ್ಲಿ ನೆಗೆತ ಕಡಿಮೆ. ಸೊಂಟ, ಕಿಬ್ಬೊಟ್ಟೆ, ಬೆನ್ನಿನ ಸ್ನಾಯುಗಳು ಬಿಡಿಬಿಡಿಯಾಗಿ ಬಿಗಿದು ಸಡಿಲಗೊಳ್ಳುತ್ತವೆ. ಜೊತೆಗಾರ ಬೇಕಿಲ್ಲ, ವಯಸ್ಸು, ಮೈಕಟ್ಟು ಅಡ್ಡಿಯಲ್ಲ. ಸದಾ ಒಳಗೆಳೆದು ಮರೆಮಾಚಬೇಕೆಂದು ಹೇಳಿಸಿಕೊಂಡ ಹೊಟ್ಟೆಯೇ ಇಲ್ಲಿ ನೃತ್ಯದ ಕೇಂದ್ರ.

ಮನಸ್ಸಿಗೆ ಹಿತ ದೊರೆಯುವ ಗುಟ್ಟು ಇಲ್ಲಿರಬಹುದು. ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ನೃತ್ಯ ಮಾಡುವವರಿಗೆ ಇತರ ಮಹಿಳೆಯರಿಗಿಂತ ತಮ್ಮ ದೇಹದ ಬಗ್ಗೆ ಹೆಚ್ಚು ಸಮಾಧಾನ ಇರುವುದು ಕಂಡುಬಂತು. ನೃತ್ಯವೇ ಅದಕ್ಕೆ ಕಾರಣವೋ, ಸಮಾಧಾನ ಇದ್ದವರೇ ನೃತ್ಯಕ್ಕೆ ಬಂದರೋ ಎಂಬುದನ್ನು ಇಂಥ ಹೋಲಿಕೆಯೊಂದರಿಂದಲೇ ಹೇಳಲಾಗದು. ಇದು ವೈದ್ಯರ ಚಿಕಿತ್ಸೆಗೆ ಬದಲಿಯೂ ಅಲ್ಲ.

ವಿಪರ್ಯಾಸವೆಂದರೆ, ಹೊರನಾಡುಗಳಲ್ಲಿ ಆರೋಗ್ಯದ ದಾರಿ ಎನಿಸಿಕೊಂಡ ಈ ಕಲೆಯನ್ನೇ ಜೀವನೋಪಾಯ ಮಾಡಿಕೊಂಡ ಈಜಿಪ್ಟಿನ ಹೆಣ್ಣಿನ ಮೇಲೆ ಅನುಮಾನದ ಕಣ್ಣು ಇಂದಿಗೂ ತಪ್ಪಿಲ್ಲ. 2020ರಲ್ಲಿ ಕೈರೋ ನ್ಯಾಯಾಲಯವು ಹೆಸರಾಂತ ನರ್ತಕಿಯೊಬ್ಬರಿಗೆ ಜಾಲತಾಣಗಳಲ್ಲಿ ಹಾಕಿದ ವಿಡಿಯೊಗಳಿಗಾಗಿ ಮೂರು ವರ್ಷಗಳ ಜೈಲು ಶಿಕ್ಷೆ ವಿಧಿಸಿತು. ಮನೆಯೊಳಗೆ ನಲಿವೆನಿಸುವ ಕುಣಿತ ಹೊಸಿಲು ದಾಟಿದೊಡನೆ ಅಪರಾಧವಾಗುವುದು ಹೇಗೆ? ಅದಕ್ಕೆ ಉತ್ತರ ನೃತ್ಯದಲ್ಲಿಲ್ಲ, ನೋಡುವ ಕಣ್ಣಿನಲ್ಲಿದೆ.